ಎಂಟನೇ ದಿನ ಬರುತ್ತಿದ್ದವರು

ಮುಂದೆ ಏನು ಓದಲಿ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಮೊದಲು ಅವರ ತೋಳಿನ ಕಡೆ ನೋಡುತ್ತೇನೆ. ಇದರಿಂದ ಒಂದೆರಡು ಸಲ ಪೇಚಿಗೆ ಸಿಕ್ಕಿಕೊಂಡಿದ್ದೂ ಉಂಟು. ತಪ್ಪು ನನ್ನದಲ್ಲ. ಪುಸ್ತಕ ಆರಿಸುವ ವಿದ್ಯೆಯನ್ನು ನನಗೆ ಕಲಿಸಿದವರು ಊರೂರು ಸುತ್ತಿ ಮಕ್ಕಳಿಗೆ ಸಿಡುಬಿನ ದಾಕು ಹಾಕುತ್ತಿದ್ದ ಒಬ್ಬ ಸರ್ಕಾರಿ ನೌಕರರು. ಅವರು ನ್ಯಾಮತಿಯಲ್ಲಿ ತೀರಿಕೊಂಡರೆಂದು ಹೋದ ವಾರ ಸುದ್ದಿ ಬಂತು. ಅಳಬೇಕೆಂದು ಕೂತೆ. ಎರಡು ನಿಮಿಷಕ್ಕೆ ನಗು ಬಂತು, ನಗುತ್ತಾ ನಗುತ್ತಾ ಅಳುವೂ ಬಂತು. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು "ಏನಾತ್ರೀ ನಿಮಗೆ?" ಎಂದು ಹೆದರಿಕೊಂಡಳು. ಏನಾಯಿತೆಂದು ಹೇಳಲು ಕೂತರೆ ಒಂದು ಮಾತಿನಲ್ಲಿ ಮುಗಿಯುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. "ಹೆಸರು, ಬಿರುದು ಎಲ್ಲ ರಾಜರಿಗೆ ಇರ್ಲಿ ಬಿಡ್ರಿ" ಎನ್ನುತ್ತಿದ್ದವರು ಅವರು. ಹಳ್ಳಿಗಳಲ್ಲಿ ಅವರನ್ನು ದಾಕಿನಪ್ಪ ಎನ್ನುತ್ತಿದ್ದರು. ನಾನೂ ಹಾಗೆಯೇ ಅನ್ನುತ್ತೇನೆ.

ನಾನು ಆಗ ಬಿಳಿಚೋಡಿನ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟರು. ನನ್ನ ಊರು ಚನ್ನಗಿರಿ. ಅಲ್ಲಿಯ ವಾಚನಾಲಯದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದವನೆಂಬ ಜಂಬ ತಲೆಗೇರಿತ್ತು. ಚಳಿಗಾಲದ ಒಂದು ಮಂಗಳವಾರ ಬೆಳಗ್ಗೆ ಜಗಳೂರಿನ ಕಡೆಯಿಂದ ಒಂದು ಸೈಕಲ್ಲು ಬಂತು. ಹಿಂದೆ ಎರಡು ತಗಡಿನ ಪೆಟ್ಟಿಗೆ. ಒಂದಕ್ಕೆ ಒದ್ದೆ ಗೋಣಿ ಸುತ್ತಿತ್ತು, ಅದರೊಳಗೆ ದಾಕಿನ ಔಷಧಿಯ ಗಾಜಿನ ನಳಿಗೆಗಳು. ಇನ್ನೊಂದಕ್ಕೆ ಒಣ ಟವಲ್ಲು ಹೊದಿಸಿತ್ತು, ಅದರೊಳಗೆ ಕಾದಂಬರಿಗಳು. ಇಳಿದ ಮನುಷ್ಯ ನಲವತ್ತೈದರ ಆಸುಪಾಸಿನವರು, ಒಣಕಲು ಮೈ, ತಲೆಗೆ ರುಮಾಲು, ಮೂಗಿನ ತುದಿಯಲ್ಲಿ ಕನ್ನಡಕ. ಇಳಿದವರೇ ಮೊದಲು ಒಂದು ಪೆಟ್ಟಿಗೆ ಮುಟ್ಟಿ ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟಿ ನೋಡಿ, ಒದ್ದೆ ಇರಬೇಕಾದ್ದು ಒದ್ದೆ ಇದೆ, ಒಣಗಿರಬೇಕಾದ್ದು ಒಣಗಿದೆ ಎಂದು ಖಾತ್ರಿ ಮಾಡಿಕೊಂಡು ನನಗೆ ಕೈ ಮುಗಿದರು.

ನನ್ನ ಮೇಜಿನ ಮೇಲೆ ಒಂದು ಕಾದಂಬರಿ ಬಿದ್ದಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು:

"ಇದೇನ್ರೀ ಮೇಷ್ಟ್ರೇ?"

"ಸಾಮಾಜಿಕ. ಅತ್ತೆ ಸೊಸೆ ಕಥೆ."

"ಅತ್ತೆ ಸೊಸೆ ಜಗಳ ಕೇಳಾಕೆ ಪುಸ್ತಕ ಯಾಕ್ರೀ ಬೇಕು? ಆ ಕಿಟಕಿ ತಗೀರಿ, ಸಾಕು."

ನಾನು ಕಿಟಕಿ ತೆಗೆಯಲಿಲ್ಲ. ಅವರು ಒಣ ಪೆಟ್ಟಿಗೆ ತೆಗೆದರು. ಐದು ನಿಮಿಷ ನನ್ನ ಮುಖ ನೋಡಿದರು, ನಾಲಿಗೆ ಒಂದು ನೋಡಲಿಲ್ಲ. ಕೊನೆಗೆ ಒಂದು ಕೋಟೆಯ ಮುತ್ತಿಗೆಯ ಕಾದಂಬರಿಯನ್ನು ಕೈಗಿಟ್ಟು, ಒಂದು ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಬರೆದುಕೊಂಡು, "ಎಂಟನೇ ದಿನ ನೋಡಾಕೆ ಬರ್ತೀನಿ" ಎಂದು ಹೊರಟೇಬಿಟ್ಟರು.

ದಾಕಿನ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಮಗುವಿನ ತೋಳಿನಲ್ಲಿ ನಾಲ್ಕು ಕಡೆ ಗೀರಿ ಔಷಧಿ ಸವರುತ್ತಾರೆ. ಎಂಟನೇ ದಿನ ಬಂದು ನೋಡುತ್ತಾರೆ. ಗೀರಿದ ಜಾಗ ಬೊಕ್ಕೆಯಾಗಿ ಎದ್ದಿದ್ದರೆ ದಾಕು ಹಿಡಿಯಿತೆಂದು ಲೆಕ್ಕ. ಏಳದಿದ್ದರೆ ಮತ್ತೊಮ್ಮೆ ಹಾಕಬೇಕು. ದಾಕಿನಪ್ಪನವರು ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ಮಾಡಿ, ಜಗತ್ತಿನಲ್ಲಿ ಯಾವುದನ್ನೇ ಆಗಲಿ ಎಂಟನೇ ದಿನ ನೋಡದೆ ನಂಬಬಾರದು ಎಂಬ ತೀರ್ಮಾನಕ್ಕೆ ಬಂದಿದ್ದರು. ಪುಸ್ತಕಕ್ಕೂ ಅದೇ ಕಾನೂನು.

ಎಂಟನೇ ದಿನ ಬಂದರು. ಪುಸ್ತಕ ಹೇಗಿತ್ತು ಎಂದು ಕೇಳಲೇ ಇಲ್ಲ.

"ಅನ್ನ ಸೀದಿತ್ತಾ?"

ನಾನು ಒಬ್ಬಂಟಿ, ಕೈಯಡುಗೆ. "ಸೀದಿತ್ತು. ಎರಡು ಸಲ."

"ಶಾಲೆಗೆ ತಡ?"

"ಒಂದು ದಿನ."

"ಎಲ್ಲಿ ಸೀತು ಹೇಳ್ರಿ. ಕುದುರೆ ಬಂದಾಗಲೋ, ರಾಣಿ ಬಂದಾಗಲೋ?"

"ಸುರಂಗದಲ್ಲಿ ದೀಪ ಆರಿದಾಗ."

"ಎದ್ದೈತೆ!" ಎಂದು ತೊಡೆ ತಟ್ಟಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದರು. ಕುದುರೆಗೆ ಸೀದವರಿಗೆ ಒಂದು ಜಾತಿಯ ಪುಸ್ತಕ, ರಾಣಿಗೆ ಸೀದವರಿಗೆ ಇನ್ನೊಂದು, ಸುರಂಗಕ್ಕೆ ಸೀದವರಿಗೆ ಗೂಢಚಾರರು ಇರಲೇಬೇಕು. ಹೊನ್ನಾಳಿಯಿಂದ ಜಗಳೂರಿನವರೆಗೆ ಅವರ ಓದುಗರೆಲ್ಲರೂ ಆ ನೋಟ್‌ಬುಕ್ಕಿನಲ್ಲಿ ಇದ್ದರು. ಜಗಳೂರಿನ ಒಬ್ಬ ದಫೇದಾರರ ಹೆಸರಿನ ಮುಂದೆ "ಯುದ್ಧ ಕೊಡಬಾರದು" ಎಂದು ಕೆಂಪು ಮಸಿಯಲ್ಲಿ ಬರೆದಿತ್ತು. ಯುದ್ಧದ ಪ್ರಕರಣ ಓದಿದ ಮರುದಿನ ದಫೇದಾರರು ಸಂತೆಯಲ್ಲಿ ಯಾರಿಗಾದರೂ ಬಾರಿಸುತ್ತಿದ್ದರಂತೆ. ಅವರಿಗೆ ಸಂಧಿ, ಸ್ವಯಂವರ, ಪಟ್ಟಾಭಿಷೇಕ ಇಷ್ಟೇ. ಸಾಸ್ವೆಹಳ್ಳಿಯ ಒಬ್ಬ ಅಜ್ಜಿಗೆ ಮಗ ಓದಿ ಹೇಳುತ್ತಿದ್ದ. ಆ ಅಜ್ಜಿಗೆ ದ್ರೋಹಿ ಮಂತ್ರಿ ಇಲ್ಲದ ಪುಸ್ತಕ ಎಂಟನೇ ದಿನಕ್ಕೂ ಏಳುತ್ತಿರಲಿಲ್ಲ, ಬೈಯಲು ಯಾರೂ ಇಲ್ಲವೆಂದು ವಾಪಸ್ಸು ಕಳಿಸುತ್ತಿದ್ದಳು.

ಇನ್ನು ಅವರ ಸ್ವಂತ ಓದಿನ ಹುಚ್ಚು. ಸಂತೇಬೆನ್ನೂರಿನ ಹೊಂಡದ ಮೆಟ್ಟಿಲ ಮೇಲೆ ಕೂತು ಓದಬೇಕೆಂದೇ ಒಂದು ಕಾದಂಬರಿಯ ಜಲಕ್ರೀಡೆಯ ಅಧ್ಯಾಯವನ್ನು ಎರಡು ತಿಂಗಳು ಓದದೆ ಇಟ್ಟುಕೊಂಡಿದ್ದರು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಗೆ ಹೋಗಿ, ಪುಸ್ತಕದಲ್ಲಿ ಮೂರು ಸಾವಿರ ಕುದುರೆ ಆಷಾಢದಲ್ಲಿ ಈಜಿ ದಾಟಿದ್ದು ನಿಜವೇ ಎಂದು ದೋಣಿಯವರನ್ನು ಕೇಳಿದರಂತೆ. ದೋಣಿಯವರು "ಒಂದು ಎಮ್ಮೆ ದಾಟಿಸಿ ತೋರ್ಸು ಅನ್ರಿ ಬರೆದೋನಿಗೆ" ಅಂದರಂತೆ. ಇವರು ಒಂದು ವಾರ ಊಟ ಸೇರದೆ ಒದ್ದಾಡಿದರು. ಕಡೆಗೆ, ಆಗಿನ ಕುದುರೆಗಳೇ ಬೇರೆ ಎಂದು ಸಮಾಧಾನ ಮಾಡಿಕೊಂಡರು.

ಅವರಿಗೆ ಎರಡು ನಿಯಮ. ಒಂದು, ಅಚ್ಚಾದ ಮಾತನ್ನು ಒಂದಕ್ಷರ ಬದಲಿಸಬಾರದು. ಐತಿಹಾಸಿಕ ಕಾದಂಬರಿ ಬರೆಯುವವರು ಶಾಸನ ನೋಡಿ, ಹಳೆಯ ಚರಿತ್ರೆಯ ಬಖೈರು ನೋಡಿ ಬರೆದಿರುತ್ತಾರೆ, ಕೈ ಹಾಕಲು ನಾವು ಯಾರು? ಎರಡು, ಮುಂದಿನ ಪುಟ ಇಣುಕಿ ನೋಡಬಾರದು. ಓದಿದಷ್ಟನ್ನು ಬಿಟ್ಟು ಉಳಿದ ಪುಟಗಳಿಗೆ ಬ್ಯಾಂಡೇಜಿನ ಪಟ್ಟಿ ಸುತ್ತಿ ಗಂಟು ಹಾಕಿಡುತ್ತಿದ್ದರು. "ನಾಳೆ ಏನಾಗ್ತೈತೆ ಅಂತ ಆ ರಾಜನಿಗೇ ಗೊತ್ತಿಲ್ಲ. ನನಗ್ಯಾಕ್ರೀ ಗೊತ್ತಾಗ್ಬೇಕು?" ಎನ್ನುತ್ತಿದ್ದರು. ನಾನೋ ಪುಸ್ತಕ ಕೈಗೆ ಬಂದ ತಕ್ಷಣ ಕೊನೆಯ ಪುಟ ಓದುವವನು. ಇದು ಗೊತ್ತಾದ ದಿನ ಅವರು ನನ್ನ ಕೈಯ ಕಾಫಿ ಕುಡಿಯಲಿಲ್ಲ.

ಇಷ್ಟು ತಮಾಷೆಯ ಮನುಷ್ಯನಿಗೆ ದಾಕಿನ ಕೆಲಸದಲ್ಲಿ ಮಾತ್ರ ತಮಾಷೆ ಇರಲಿಲ್ಲ. ಅವರ ಸೈಕಲ್ಲು ಕಂಡರೆ ಊರಿನ ತಾಯಂದಿರು ಮಕ್ಕಳನ್ನು ಅಡಗಿಸುತ್ತಿದ್ದರು. ಕಾಳಿನ ಕಣಜದ ಹಿಂದೆ, ಕುರಿಹಟ್ಟಿಯೊಳಗೆ, ಕಂಬಳಿಯ ಅಡಿಯಲ್ಲಿ. ಗೀರಿದರೆ ಸಿಡುಬಿನ ಅಮ್ಮ ಮುನಿಯುತ್ತಾಳೆ, ಸುಮ್ಮನಿದ್ದವಳನ್ನು ಕರೆದಂತಾಗುತ್ತದೆ ಎಂಬ ಹೆದರಿಕೆ. ಎಲ್ಲರಿಗಿಂತ ಹೆಚ್ಚು ಹೆದರಿದವಳು ಶಾಲೆಯ ಹಿಂದಿನ ಮನೆಯ ಗಂಗಮ್ಮ. ಅವಳ ಮೊದಲ ಮಗು ಸಿಡುಬಿನಲ್ಲಿ ಹೋಗಿತ್ತು. ಎರಡನೆಯವನಿಗೆ ಆಗ ಎರಡು ವರ್ಷ. ದಾಕಿನಪ್ಪನವರು ಬಂದರೆ ಅವನನ್ನು ಸೊಂಟಕ್ಕೆ ಏರಿಸಿಕೊಂಡು ಹೊಲ ಸೇರಿಬಿಡುತ್ತಿದ್ದಳು.

ಒಂದು ಮಂಗಳವಾರ ದಾಕಿನಪ್ಪನವರು ಯಾರನ್ನೂ ಕರೆಯಲಿಲ್ಲ. ಶಾಲೆಯ ಮುಂದಿನ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದತೊಡಗಿದರು. ಕೋಟೆ ಮುತ್ತಿದ್ದಾರೆ, ರಾಜ ಸತ್ತಿದ್ದಾನೆ, ಐದು ವರ್ಷದ ಚಿಕ್ಕರಾಯನನ್ನು ದಾದಿಯೊಬ್ಬಳು ಬುಟ್ಟಿಯಲ್ಲಿ ಇಟ್ಟುಕೊಂಡು ಕೋಟೆಯ ಹಿಂಬಾಗಿಲಿನಿಂದ ಹೊರಟಿದ್ದಾಳೆ. ನೋಡುತ್ತಿದ್ದಂತೆ ಉಣ್ಣೆ ನೂಲುವ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಕಾವಲಿನವನು "ಬುಟ್ಟಿಯಲ್ಲಿ ಏನಿದೆ?" ಎಂದು ಕೇಳಿದಾಗ ನೂಲುವ ಕೈಗಳೆಲ್ಲ ನಿಂತವು. ಅಲ್ಲಿಗೆ ಪುಸ್ತಕ ಮುಚ್ಚಿ, ಪಟ್ಟಿ ಸುತ್ತಿ ಗಂಟು ಹಾಕಿದರು.

"ಏನಂದ್ಲು ದಾದಿ?" ಎಂದು ಕೂಗಿದವರು ಎಷ್ಟೋ ಮಂದಿ.

"ನನಗೂ ಗೊತ್ತಿಲ್ಲ. ಎಂಟನೇ ದಿನ ಬರ್ತೀನಿ. ಈಗ ಕೂಸುಗಳ್ನ ಕರ್ಕೊಂಡು ಬರ್ರಿ."

ಆ ದಿನ ಹನ್ನೊಂದು ಮಕ್ಕಳು ಬಂದವು. ಮುಂದಿನ ಮಂಗಳವಾರ ಎದ್ದಿದೆಯೋ ಇಲ್ಲವೋ ನೋಡಿಸಲು ಆ ಹನ್ನೊಂದು, ಹೊಸದಾಗಿ ಇಪ್ಪತ್ತು. ಊರಿಗೆ ಊರೇ ಚಿಕ್ಕರಾಯನ ಹಿಂದೆ ಬಿತ್ತು. ದಾದಿ ಕಾವಲಿನವನಿಗೆ ಹೇಳಿದ ಸುಳ್ಳನ್ನು ಹೆಂಗಸರು ಬಾವಿಯ ಹತ್ತಿರ ಆಡಿ ತೋರಿಸುತ್ತಿದ್ದರು. ದ್ರೋಹಿ ಚಿಕ್ಕಪ್ಪನ ಹೆಸರನ್ನು ಒಂದು ಹಾಯುವ ಹೋರಿಗೆ ಇಟ್ಟರು. ನಾನು ಎರಡನೇ ತರಗತಿಯ ಮಗ್ಗಿ ಕೇಳುತ್ತಿದ್ದರೆ ಹೊರಗೆ ಯಾರೋ "ಮೇಷ್ಟ್ರೇ, ಚಿಕ್ರಾಯ ನದಿ ದಾಟ್ಯಾನಾ?" ಎಂದು ಕೇಳಿ ಹೋಗುತ್ತಿದ್ದರು. ನನಗಂತೂ ಹಬ್ಬ.

ಗಂಗಮ್ಮ ಗೋಡೆಯ ಮರೆಯಲ್ಲಿ ನಿಂತು ಕೇಳುತ್ತಿದ್ದಳು, ಮಗನನ್ನು ತರುತ್ತಿರಲಿಲ್ಲ. ಅಷ್ಟರಲ್ಲಿ ಎರಡು ಮೈಲಿ ಆಚೆಯ ಹಟ್ಟಿಯಲ್ಲಿ ಅಮ್ಮ ಕಾಣಿಸಿಕೊಂಡಳೆಂದು ಸುದ್ದಿ ಬಂತು. ದಾಕಿನಪ್ಪನವರು ಗಂಗಮ್ಮನ ಬಾಗಿಲಿಗೇ ಹೋದರು. ನಾನೂ ಜೊತೆಗಿದ್ದೆ.

"ತಂಗೀ, ಇನ್ನು ತಡ ಮಾಡಬೇಡವ್ವ. ಕೈ ಮುಗೀತೀನಿ."

ಅವಳು ಅಂದಳು: "ದಾಕಿನಪ್ಪಾರೆ, ನಾನೊಂದು ಮನಸ್ಸಿನಾಗೆ ಅಂದ್ಕೊಂಡೀನಿ. ಆ ತಬ್ಬಲಿ ಚಿಕ್ರಾಯ ಬದುಕಿ ಮನೆ ಸೇರಿದ್ರೆ ನನ್ನ ಮಗನಿಗೂ ಹಾಕಿಸ್ತೀನಿ. ಅವನಿಗೆ ಏನಾರ ಆದ್ರೆ, ನೀವು ಮತ್ತೆ ಈ ಬಾಗಿಲಿಗೆ ಬರಬಾರ್ದು."

ದಾಕಿನಪ್ಪನವರಿಗೆ ಸಂತೋಷವೋ ಸಂತೋಷ. ದಾರಿಯುದ್ದಕ್ಕೂ ಕುಣಿಯುತ್ತಲೇ ಬಂದರು. "ಗೆದ್ವಿ ಮೇಷ್ಟ್ರೇ! ನೂರಾರು ಪುಸ್ತಕ ಓದೀನಿ. ಚಿಕ್ಕರಾಯ ಸಾಯೋದು ಉಂಟೇನ್ರೀ? ಅವನು ಸತ್ರೆ ಸಿಂಹಾಸನದ ಮ್ಯಾಲೆ ಯಾರು ಕೂರ್ತಾರೆ, ನೀವಾ?"

"ಒಂದು ಸಲ ಪಟ್ಟಿ ಬಿಚ್ಚಿ ನೋಡಿಬಿಡಿ" ಎಂದು ಬೇಡಿಕೊಂಡೆ. "ಬೇಡವಾದರೆ ನನ್ನ ಕೈಗೆ ಕೊಡಿ, ನಾನು ನೋಡುತ್ತೇನೆ, ನಿಮಗೆ ಹೇಳುವುದಿಲ್ಲ."

"ಕೊನೇ ಪುಟದ ಗಿರಾಕಿ ನೀವು, ದೂರ ಇರ್ರಿ" ಎಂದು ಪುಸ್ತಕವನ್ನು ಎದೆಗೆ ಅವುಚಿಕೊಂಡರು.

ಮುಂದಿನ ಮಂಗಳವಾರ ಕಟ್ಟೆ ಸಾಲಲಿಲ್ಲ. ಬೇಲಿಯ ಮೇಲೂ ಜನ. ಗಂಗಮ್ಮ ಮೊದಲ ಸಲ ಗೋಡೆಯ ಮರೆ ಬಿಟ್ಟು ಬಂದು, ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಮುಂದುಗಡೆಯೇ ಕೂತಿದ್ದಳು. ಆದರೆ ಕಂಬಳಿಯೊಳಗೆ ಅವನ ಎರಡೂ ತೋಳು ಬಿಗಿಯಾಗಿ ಮುಚ್ಚಿದ್ದಳು. ಓದುವಾಗ ದಾಕಿನಪ್ಪನವರಿಗೆ ಗಂಟಲು ಒಣಗುತ್ತಿದ್ದುದರಿಂದ ನಾನು ನೀರಿನ ಚೊಂಬು ಹಿಡಿದು ಪಕ್ಕದಲ್ಲೇ ಕೂರುತ್ತಿದ್ದೆ. ಪುಟ ನನಗೂ ಕಾಣುತ್ತಿತ್ತು.

ದಾದಿ ಚಿಕ್ಕರಾಯನನ್ನು ಒಂದು ಗುಡ್ಡದ ಮೇಲಿನ ಮಠಕ್ಕೆ ಸೇರಿಸಿದಳು. ಅಲ್ಲಿ ಅವನಿಗೆ ಜ್ವರ ಬಂತು. ದಾಕಿನಪ್ಪನವರು ಉತ್ಸಾಹದಿಂದ ಪುಟ ತಿರುಗಿಸಿದರು. ಅವರ ಕಣ್ಣಿಗಿಂತ ನನ್ನ ಕಣ್ಣು ಎರಡು ಸಾಲು ಮುಂದೆ ಓಡಿತು. ಮೂರನೆಯ ದಿನ ಮೈತುಂಬ ಸಿಡುಬೆದ್ದು, ಸೂರ್ಯ ಮುಳುಗುವ ಹೊತ್ತಿಗೆ ಚಿಕ್ಕರಾಯ ಕಣ್ಣು ಮುಚ್ಚಿದನೆಂದು ಅಚ್ಚಾಗಿತ್ತು.

ದಾಕಿನಪ್ಪನವರು "ಮೂರನೆಯ ದಿನ" ಎಂದು ಓದಿ ನಿಂತರು. ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ನೋಡಿದರು. ಅಕ್ಷರಗಳು ಅಲ್ಲೇ ಇದ್ದವು. ಎದುರಿಗೆ ತಾಯಂದಿರು, ತೊಡೆಯ ಮೇಲೆ ತೋಳಿನಲ್ಲಿ ಬೊಕ್ಕೆ ಎದ್ದು ಮೈ ಬೆಚ್ಚಗಾದ ಕೂಸುಗಳು. ಈ ಸಾಲನ್ನು ಓದಿದರೆ ಗಂಗಮ್ಮ ಒಬ್ಬಳೇ ಏನು, ಇಡೀ ಊರೇ ಎದ್ದು ಹೋಗುತ್ತದೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಮೂರನೆಯ ದಿನ," ಎಂದು ಮತ್ತೊಮ್ಮೆ ಓದಿದರು. "ಮೂರನೆಯ ದಿನ... ಮಠದ ಬಾಗಿಲಿಗೆ... ಒಂದು ಕುದುರೆಯು ಬಂದು ನಿಂತಿತು."

ಪುಟದಲ್ಲಿ ಯಾವ ಕುದುರೆಯೂ ಇರಲಿಲ್ಲ.

"ಅದರ ಮೇಲಿನಿಂದ ರುಮಾಲು ಧರಿಸಿದ ವೈದ್ಯನೊಬ್ಬನು ಇಳಿದನು. ಅವನ ಬಳಿ ಎರಡು ಪೆಟ್ಟಿಗೆಗಳಿದ್ದವು. ಅವನು ಚಿಕ್ಕರಾಯನನ್ನು ನೋಡಿ, ಇದು ಬರೀ ಗಾಳಿಜ್ವರ, ಹೆದರದಿರಿ, ಎಂದು ಕಷಾಯ ಕೊಟ್ಟು ಇಳಿಸಿದನು. ಬಳಿಕ, ಮುಂದೆ ಅಮ್ಮನ ಬಾಧೆ ಬಾರದಿರಲೆಂದು... ಆ ರಾಜಕುಮಾರನ ತೋಳಿನಲ್ಲಿ... ನಾಲ್ಕು ಕಡೆ ಗೀರಿದನು."

ನಾನು ಕೆಳತುಟಿ ಕಚ್ಚಿ ಹಿಡಿದೆ. ಒಂದಕ್ಷರ ಬದಲಿಸಬಾರದೆನ್ನುತ್ತಿದ್ದ ಮನುಷ್ಯ ಪಾಳೆಯಗಾರರ ಕಾಲಕ್ಕೆ ದಾಕು ತಂದುಬಿಟ್ಟಿದ್ದರು! ಶಾಸನ ಇಲ್ಲ, ಬಖೈರು ಇಲ್ಲ, ಕುದುರೆಯ ಮೇಲೆ ತಗಡಿನ ಪೆಟ್ಟಿಗೆ!

ಗಂಗಮ್ಮ ಕೂತಲ್ಲಿಂದಲೇ ಕೇಳಿದಳು: "ಎಂಟನೇ ದಿನ ನೋಡಾಕೆ ಬಂದ್ನಾ?"

"ಬಂದನು" ಎಂದು ಓದಿದರು ದಾಕಿನಪ್ಪನವರು, ಪುಟ ತಿರುಗಿಸಿ.

"ಎದ್ದಿದ್ವಾ?"

"ನಾಲ್ಕೂ ಎದ್ದಿದ್ದವು."

ಊರು ಹೋ ಎಂದು ಕೂಗಿತು. ಬೇಲಿಯ ಮೇಲಿದ್ದ ಒಬ್ಬ ಗೌಡರು ಖುಷಿಯಲ್ಲಿ ಆಚೆ ಕಡೆಗೆ ಬಿದ್ದರು. ಆ ಗದ್ದಲದಲ್ಲಿ ಗಂಗಮ್ಮ ಎದ್ದು ಬಂದು, ಕಂಬಳಿ ಸರಿಸಿ, ಮಗನ ಎಡತೋಳನ್ನು ಅವರ ಮುಂದೆ ಹಿಡಿದಳು. "ಗೀರ್ರಿ" ಅಂದಳು. ಮಗ ಅತ್ತ, ಅವಳು ಅಳಲಿಲ್ಲ. ಗೀರುವಾಗ ದಾಕಿನಪ್ಪನವರ ಕೈ ಸ್ಥಿರವಾಗಿತ್ತು. ಗೀರಿ ಮುಗಿಸಿ ಶಾಲೆಯೊಳಗೆ ಬಂದ ಮೇಲೆ ಅವರು ನನ್ನ ಕುರ್ಚಿಯಲ್ಲಿ ಕುಸಿದು, ನನ್ನನ್ನು ನೋಡಿ, ನಗಲು ಶುರು ಮಾಡಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ಅವರು ಕಣ್ಣೊರೆಸಿಕೊಂಡು "ಅಚ್ಚಾದ ಮಾತಿಗೆ ಮೋಸ ಮಾಡ್ದೆ ಮೇಷ್ಟ್ರೇ, ನನಗೆ ನರಕ ಗ್ಯಾರಂಟಿ" ಅಂದರು. ಆಮೇಲೆ ಪುಸ್ತಕದ ಉಳಿದ ಭಾಗ ನೋಡಿ ಮುಖ ಸಣ್ಣಗಾಯಿತು. ಇನ್ನೂ ಒಂಬತ್ತು ಅಧ್ಯಾಯ ಬಾಕಿ ಇತ್ತು, ಒಂದರಲ್ಲೂ ಚಿಕ್ಕರಾಯ ಇರಲಿಲ್ಲ. ಊರಿನಲ್ಲಿ ಮಾತ್ರ ಬದುಕಿದ್ದ.

"ಮುಂದೆ ಏನ್ ಓದ್ಲಿ, ಮೇಷ್ಟ್ರೇ?"

ನಾಲ್ಕು ತಾಲ್ಲೂಕಿನ ಜನಕ್ಕೆ ಮುಂದೇನು ಓದಬೇಕೆಂದು ಹೇಳುತ್ತಿದ್ದವರು ಮೊದಲ ಸಲ ಇನ್ನೊಬ್ಬರನ್ನು ಕೇಳಿದ್ದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಆ ಕ್ಷಣಕ್ಕೆ ಸಿಂಹಾಸನ ಕೊಟ್ಟಿದ್ದರೂ ಬೇಡ ಅನ್ನುತ್ತಿದ್ದೆ.

ಒಂಬತ್ತು ಮಂಗಳವಾರ! ಬೆಳಗ್ಗೆ ನಾವಿಬ್ಬರೂ ಶಾಲೆಯಲ್ಲಿ ಕೂತು ಕಥೆ ಕಟ್ಟುವುದು, ಮಧ್ಯಾಹ್ನ ಅವರು ತೆರೆದ ಪುಸ್ತಕ ಹಿಡಿದು ಅದನ್ನು ಗಂಭೀರವಾಗಿ ಓದುವುದು. ನಾನು ಸುರಂಗಗಳನ್ನು ತೋಡಿಸಿದೆ, ಅವರು ಕುದುರೆಗಳನ್ನು ಓಡಿಸಿದರು. ಒಂದು ಸಲ ಕಟ್ಟಿದ್ದು ಮರೆತು ಸತ್ತ ಸೇನಾಪತಿಯಿಂದ ಮತ್ತೊಮ್ಮೆ ಯುದ್ಧ ಮಾಡಿಸಿದರು. ಜನ ಕೇಳಿದರೆ "ಅವನ ತಮ್ಮ, ಅದೇ ಹೆಸರು" ಎಂದು ಪುಸ್ತಕ ನೋಡಿಯೇ ಉತ್ತರ ಕೊಟ್ಟರು. ಗಂಗಮ್ಮನ ಮಗನ ದಾಕು ನಾಲ್ಕೂ ಎದ್ದವು. ಕೊನೆಯ ಮಂಗಳವಾರ ಚಿಕ್ಕರಾಯನಿಗೆ ಪಟ್ಟ ಕಟ್ಟಿದಾಗ ಹೆಂಗಸರು ಮಂಡಕ್ಕಿ ಬೆಲ್ಲ ಹಂಚಿದರು. ಆ ಬೇಸಿಗೆಯಲ್ಲಿ ಸಿಡುಬು ಬಿಳಿಚೋಡಿಗೂ ಬಂತು. ದಾಕು ಹಾಕಿಸದಿದ್ದ ಮೂರು ಮನೆಗಳಿಗೆ ಹೋಯಿತು. ಗಂಗಮ್ಮನ ಮನೆಗೆ ಬರಲಿಲ್ಲ.

ಮುಂದಿನ ವರ್ಷ ಅವರಿಗೆ ಹೊನ್ನಾಳಿಗೆ ವರ್ಗವಾಯಿತು. ಹೋಗುವಾಗ ಆ ಪುಸ್ತಕವನ್ನು ನನ್ನ ಕೈಗಿಟ್ಟು, "ಇದನ್ನ ಈ ಊರಾಗೆ ಯಾರಿಗೂ ಕೊಡಬೇಡ್ರಿ. ನನ್ನ ಮಾನ ಇದ್ರಾಗೈತೆ" ಅಂದರು. ಅವರು ಬಸ್ಸು ಹತ್ತುವುದನ್ನು ನೋಡಿ ನನಗೆ ದುಃಖ ತಡೆಯಲಾಗಲಿಲ್ಲ. ಅಂಥ ಜೊತೆ ಮತ್ತೆ ನನಗೆ ಸಿಗಲಿಲ್ಲ.

ಕೆಲವು ವರ್ಷದ ಮೇಲೆ ದೊಡ್ಡವರಿಗೆ ಅಕ್ಷರ ಕಲಿಸಬೇಕೆಂದು ಸರ್ಕಾರ ಹೇಳಿತು. ಮೊದಲು ಬಂದು ಕೂತವಳು ಗಂಗಮ್ಮ. ಒಂದೂವರೆ ವರ್ಷಕ್ಕೆ ಸಲೀಸಾಗಿ ಓದತೊಡಗಿದಳು. ಓದಲು ಬಂದ ದಿನವೇ "ಚಿಕ್ರಾಯನ ಪುಸ್ತಕ ಕೊಡ್ರಿ" ಅಂದಳು. ಸಿಗುತ್ತಿಲ್ಲ ಅಂದೆ. ಗೆದ್ದಲು ತಿಂದಿದೆ ಅಂದೆ. ಚನ್ನಗಿರಿಗೆ ಒಯ್ದಿದ್ದೇನೆ ಅಂದೆ. ಬೇರೆ ಹತ್ತು ಪುಸ್ತಕ ಕೊಟ್ಟು ತಪ್ಪಿಸಿಕೊಂಡೆ. ಒಂದು ದಿನ ನಾನು ಇಲ್ಲದಾಗ ಬಂದು, ಅಲಮಾರಿಯಲ್ಲಿ ತಾನೇ ಹುಡುಕಿ ತೆಗೆದುಕೊಂಡು ಹೋಗಿದ್ದಳು.

ಆ ವಾರ ನನಗೆ ಅನ್ನ ಸೇರಲಿಲ್ಲ. ಕಾದಂಬರಿಯ ಸುಳ್ಳು ಸಿಕ್ಕಿಬಿದ್ದರೆ ಬೀಳಲಿ, ಮೋಸ ಮಾಡಿ ಮಗನ ತೋಳು ಗೀರಿಸಿದರು ಎಂದು ಅವಳು ಅಂದುಕೊಂಡರೆ? ಅವಳ ಇನ್ನೊಂದು ಮಗು ಆಗ ತೊಟ್ಟಿಲಲ್ಲಿತ್ತು. ಅದಕ್ಕಿನ್ನೂ ದಾಕು ಆಗಿರಲಿಲ್ಲ.

ಅವಳು ಬಂದಳು. ಪುಸ್ತಕವನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಧೂಳು ಒರೆಸಿದಳು.

"ಪೂರ್ತಿ ಓದಿದಿಯೇನವ್ವ?"

"ಓದಿದ್ನಿ."

"ಚಿಕ್ಕರಾಯ..." ಎಂದೆ.

ಗಂಗಮ್ಮ ನನ್ನನ್ನು ಕನಿಕರದಿಂದ ನೋಡಿದಳು.

"ಬರೆದೋರಿಗೆ ಪೂರ್ತಿ ಗೊತ್ತಿರ್ಲಿಲ್ಲ ಬಿಡ್ರಿ ಮೇಷ್ಟ್ರೇ. ಪಾಪ, ಆ ವೈದ್ಯ ಬರೋ ಹೊತ್ತಿಗೆ ಇವರು ಎದ್ದು ಹೋಗ್ಯಾರೆ."